ಪುಲಿಕೇಶಿಗೆ ಎಷ್ಟು ‘ಐ’?

ನಮ್ಮ ಮನೆಯ ಕಂಪ್ಯೂಟರಿನೊಳಗೆ ಇನ್ನು ಮೇಲೆ ನನ್ನ ಅಪ್ಪಣೆಯಿಲ್ಲದೆ ಒಂದು ಸೊಳ್ಳೆಯೂ ನುಸುಳಕೂಡದು! ಕಾಲೇಜಿನಲ್ಲಿ ಸೈಬರ್ ಸುರಕ್ಷತೆಯ ಕಾರ್ಯಾಗಾರ ಮುಗಿಸಿ, ಪ್ರಮಾಣಪತ್ರವನ್ನು ಕಂಕುಳಲ್ಲಿ ಇರುಕಿಕೊಂಡು ವಿದ್ಯಾಗಿರಿಯ ನಮ್ಮ ಓಣಿಗೆ ಕಾಲಿಟ್ಟಾಗ ನಾನು ಮಾಡಿದ ಘೋರ ಪ್ರತಿಜ್ಞೆ ಇದು. ಭೀಷ್ಮ ಪ್ರತಿಜ್ಞೆ ಮಾಡಿದ್ದು ರಾಜ್ಯ ಬಿಡುವುದಕ್ಕೆ. ನಾನು ಮಾಡಿದ್ದು ಯಾರನ್ನೂ ಒಳಗೆ ಬಿಡದಿರುವುದಕ್ಕೆ!

ಅಲ್ಲಿಯವರೆಗೆ ನಮ್ಮ ಪಾಸ್‌ವರ್ಡ್ ಏನಿತ್ತು ಗೊತ್ತೇ? ಒಂದರಿಂದ ಎಂಟರವರೆಗಿನ ಅಂಕಿಗಳು. ಥೂ, ಅದೊಂದು ಪಾಸ್‌ವರ್ಡೇ? ಅಂಕಿ ಕಲಿಯುವ ಮಗು ಆಟವಾಡುತ್ತಾ ತೆಗೆಯಬಹುದಾದ ಬೀಗ! ನನ್ನ ಹೆಂಡತಿ ಶುಭದಾ ವಕೀಲಿ ಮಾಡುವವಳು. ಹುನಗುಂದದ ಕೋರ್ಟಿನಲ್ಲಿ ಎದುರು ಪಕ್ಷದವರ ಬೆವರಿಳಿಸುವ ಇಂಥವಳಿಗೂ ಈ ಅಂಕಿ ಸಾಕಾಗಿತ್ತಲ್ಲ ಎಂದು ನನಗೆ ಮರುಕ ಬಂತು.

“ರೀ, ನಮ್ಮ ಕಂಪ್ಯೂಟರಿನಾಗ ಏನದ ಅಂತ ಕಳ್ಳ ಬರ್ತಾನ?” ಎಂದಳು.

“ನನ್ನ ಸಂಶೋಧನಾ ಪ್ರಬಂಧ ಅದ!”

“ಕಳ್ಳ ಬಂದು ಅದನ್ನ ಓದಿದ್ರ ಛೊಲೋನೇ ಆತು ಬಿಡ್ರಿ. ಒಬ್ಬರರೆ ಓದಿದ್ಹಾಂಗ ಆತು.”

ಅಜ್ಞಾನಿಗಳ ಜೊತೆ ವಾದವೇಕೆ? ಕುರ್ಚಿ ಎಳೆದು ಕುಳಿತೆ. ನಾನು ಬಾದಾಮಿಯಲ್ಲಿ ಹುಟ್ಟಿದವನು. ಬಾದಾಮಿಯವನು ಕಾವಲಿಗೆ ಯಾರನ್ನು ನಿಲ್ಲಿಸಬೇಕು? ಹರ್ಷವರ್ಧನನ ದಂಡನ್ನೇ ತಡೆದ ಇಮ್ಮಡಿ ಪುಲಿಕೇಶಿ ಒಬ್ಬ ಯಃಕಶ್ಚಿತ್ ಹ್ಯಾಕರನನ್ನು ತಡೆಯಲಾರನೇ? ಅವನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಹಿಂದೆ ಮುಂದೆ ಚಿಹ್ನೆಗಳ ಅಂಗರಕ್ಷಕರನ್ನು ನಿಲ್ಲಿಸಿದೆ. ‘ಮರೆತರೆ ಸುಳಿವು ಏನು ಕೊಡಲಿ?’ ಎಂದು ಯಂತ್ರ ಕೇಳಿತು. ನಾನು ಮರೆಯುವುದೇ! ಕದಿಯಲು ಬಂದವನಿಗೆ ಉರಿಯಲಿ ಎಂದು ಹೀಗೆ ಬರೆದೆ: ‘ಜಾಣರಿಗೆ ಹೊಳೆದೀತು, ದಡ್ಡರು ಮನೆಗೆ ಹೋಗಿ.’

“ನನಗರೆ ಹೇಳ್ರಿ, ಏನು ಇಟ್ಟೀರಿ?”

“ಹೆಂಡತಿಗೂ ಹೇಳಬಾರದು ಅಂತ ಕಾರ್ಯಾಗಾರದಾಗ ಹೇಳ್ಯಾರ.”

“ಹಾಂಗ ಹೇಳಿದವರಿಗೆ ಮದವಿ ಆಗ್ಯದೇನು?”

ಮರುದಿನ ಭಾನುವಾರ. ಶುಭದಾ ಚಹಾ ಕಪ್ಪು ಹಿಡಿದು ಬಂದು, “ಪಾಸ್‌ವರ್ಡ್ ಅದೇನದನೋ ಹಾಕಿ ಏಳ್ರಿ. ನಾಳೆ ಸೋಮವ್ವನ ಕೇಸ್ ಅದ” ಎಂದಳು. ಹುನಗುಂದದ ಹತ್ತಿರದ ಹಳ್ಳಿಯ ಸೋಮವ್ವ ಒಂಟಿ ಹೆಂಗಸು. ಅವಳ ಮನೆಯ ಗೋಡೆ ತಮ್ಮ ಜಾಗದಲ್ಲಿದೆ ಎಂದು ಪಕ್ಕದ ಮನೆಯವರು ಕೆಡವಲು ನಿಂತಿದ್ದರು. ಗೋಡೆ ಉಳಿಯಬೇಕಾದರೆ ಕೋರ್ಟಿನ ತಡೆಯಾಜ್ಞೆ ಬೇಕು. ತಡೆಯಾಜ್ಞೆಗೆ ವಾರವಿಡೀ ಶುಭದಾ ಕುಳಿತು ಟೈಪ್ ಮಾಡಿದ ಅರ್ಜಿ ಬೇಕು. ಅರ್ಜಿ ಹೊರಗೆ ಬರಲು ಪುಲಿಕೇಶಿ ಮನಸ್ಸು ಮಾಡಬೇಕು.

ಗತ್ತಿನಿಂದ ಟೈಪಿಸಿದೆ. ‘ಪಾಸ್‌ವರ್ಡ್ ತಪ್ಪಾಗಿದೆ.’ ಬೆರಳು ಜಾರಿರಬೇಕು. ಮತ್ತೆ ಟೈಪಿಸಿದೆ. ತಪ್ಪು! ಇಮ್ಮಡಿಗೆ ಒಂದು ‘ಎಮ್’ ಹಾಕಿದ್ದೆನೋ, ಎರಡೋ? ‘ಕೇ’ಗೆ ‘ಇ’ ಒಂಟಿಯೋ, ಜೋಡಿಯೋ? ‘ಶಿ’ಯಲ್ಲಿ ‘ಎಚ್’ ಇತ್ತೋ ಇಲ್ಲವೋ? ಒಬ್ಬ ಪುಲಿಕೇಶಿಯನ್ನು ಇಂಗ್ಲಿಷಿನಲ್ಲಿ ಕರೆದರೆ ಇಡೀ ಚಾಲುಕ್ಯ ವಂಶವೇ ಎದ್ದು ಬಂದು ಬಾಗಿಲಲ್ಲಿ ನಿಂತಿತು. ಒಬ್ಬನಿಗೂ ಬೀಗ ತೆಗೆಯಲು ಬಾರದು!

ಅಷ್ಟರಲ್ಲಿ ಪರದೆಯ ಮೇಲೆ ಸುಳಿವು ಮೂಡಿತು. ಶುಭದಾ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು: “ಜಾಣರಿಗೆ ಹೊಳೆದೀತು, ದಡ್ಡರು ಮನೆಗೆ ಹೋಗಿ. ನಡೀರಿ ಮತ್ತ! ಅಯ್ಯ, ಮನ್ಯಾಗ ಇದ್ದೀರಲ್ಲಾ, ಇನ್ನೆಲ್ಲಿಗೆ ಕಳಸ್ಲಿ?”

ಚಹಾ ಆರಿತು, ಪಾಟೀಸವಾಲು ಶುರುವಾಯಿತು.

“ನಿನ್ನೆ ಸಂಜಿಗೆ ಪಾಸ್‌ವರ್ಡ್ ಇಟ್ಟವರು ನೀವೇ, ಹೌದಲ್ಲೋ?”

“ಹೌದು.”

“ಆವಾಗ ನಿಮ್ಮ ಬುದ್ಧಿ ಸ್ಥಿಮಿತದಾಗ ಇತ್ತು?”

“ಇತ್ತು.”

“ಸುಳ್ಳು ಸಾಕ್ಷಿ ಹೇಳಬ್ಯಾಡ್ರಿ!”

ಇತಿಹಾಸ ಕಲಿಸುವ ಸಹೋದ್ಯೋಗಿ ವಿಜಯೀಂದ್ರನಿಗೆ ಫೋನು ಮಾಡಿದೆ. “ಲೇ ವಿಜಯೀಂದ್ರ, ಪುಲಿಕೇಶಿಗೆ ಇಂಗ್ಲಿಷಿನಾಗ ಎಷ್ಟು ‘ಐ’ ಬರ್ತಾವಲೇ?”

“ಮೊದಲ ಅಂವಾ ಪುಲಿಕೇಶಿ ಅಲ್ಲಲೇ ಮಧುಸೂದನಾ, ಪುಲಕೇಶಿ! ಕನ್ನಡಾ ಕಲಸೋ ಮಾಸ್ತರ ನೀ. ನಾಚಿಕಿ ಬರಂಗಿಲ್ಲೇನು?”

“ಪುಲಿಕೇಶಿನೇ ಖರೆ! ನಿನಗೇನು ತಿಳೀತದ?”

“ಹಂಗಿದ್ರ ನನಗ್ಯಾಕ ಕೇಳ್ತಿ?”

ಪುರಾವೆ, ಪ್ರತಿಪುರಾವೆ, ಅವನ ಗುರುಗಳು, ನನ್ನ ಗುರುಗಳು ಎಲ್ಲರೂ ಕಣಕ್ಕಿಳಿದರು. ಕೊನೆಗೆ ಶುಭದಾ ಫೋನಿನ ಹತ್ತಿರ ಬಾಯಿ ತಂದು, “ವಿಜಯೀಂದ್ರ ಅವರ, ಸಂಶೋಧನಿ ಅಲ್ರಿ ಇದು. ಸಾಹೇಬರು ಮನ್ಯಾಗಿದ್ದೂ ಹೊರಗ ಕೂತಾರ!” ಎಂದಳು. ಆ ಕಡೆಯಿಂದ ಬಂದ ನಗೆ ಫೋನು ಇಟ್ಟ ಮೇಲೂ ಕೇಳಿಸುತ್ತಿತ್ತು. ಅವನ ಪುಲಕೇಶಿಯನ್ನೂ ಕದ್ದುಮುಚ್ಚಿ ಹಾಕಿ ನೋಡಿದೆ. ಯಂತ್ರ ಅವನಿಗೂ ಸೊಪ್ಪು ಹಾಕಲಿಲ್ಲ. ‘ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎಂದು ನನ್ನ ಮೇಲೆಯೇ ತಡೆಯಾಜ್ಞೆ ಹೊರಡಿಸಿತು!

ಕಂಪ್ಯೂಟರ್ ರಿಪೇರಿಯ ಅಮರೇಶನನ್ನು ಕೇಳಿದರೆ, “ಸರ, ಹಂಗಾದ್ರ ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕಾಗ್ತೈತ್ರಿ” ಎಂದ. ಶುಭದಾ ನನ್ನನ್ನು ನೋಡಿದ ರೀತಿಗೆ ಅಳಿಸಿಹೋಗುವ ಸರದಿ ಮೊದಲು ನನ್ನದೇ ಅನಿಸಿತು.

ಆಗಲೇ ಸೋಮವ್ವನ ಫೋನು ಬಂತು. “ಅಕ್ಕಾರ, ಕಾಗದಾ ತಯಾರ ಆದವೇನ್ರಿ? ಬಾಜೂ ಮನಿಯವ್ರು ಹಾರಿ, ಸಲಿಕಿ ತಂದು ಗ್ವಾಡಿಗೆ ಆನಿಸಿ ಇಟ್ಟಾರ್ರಿ. ನನ್ನ ಎದಿ ಡವಡವ ಅನ್ನಾಕಹತ್ತೈತ್ರಿ.”

“ಹೆದರಬ್ಯಾಡ ಸೋಮವ್ವ, ನಾಳೆ ಮುಂಜಾನೆ ಕೋರ್ಟಿಗೆ ಬಾ. ನಾ ಇದ್ದೇನಿ” ಎನ್ನುತ್ತಾ ಶುಭದಾ ಪಡಸಾಲೆಗೆ ನಡೆದಳು. ಅವಳ ದನಿಯಲ್ಲಿ ಧೈರ್ಯವಿತ್ತು, ಮುಖದಲ್ಲಿ ಇರಲಿಲ್ಲ. ನನ್ನ ಜಂಭಕ್ಕೆ ಆ ಹೆಂಗಸಿನ ಗೋಡೆ ಬೀಳಬೇಕೇ?

ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪಾಸ್‌ವರ್ಡ್ ಮರೆತಿರಾ?’ ಎಂದಿತ್ತು. ಇಷ್ಟು ಹೊತ್ತು ಅದನ್ನು ಕಂಡೂ ಕಾಣದಂತಿದ್ದೆ. ಪ್ರಾಧ್ಯಾಪಕನನ್ನು ಕೇಳುವ ಪ್ರಶ್ನೆಯೇ ಅದು? ಈಗ ಮಾನ ಬದಿಗಿಟ್ಟು ಒತ್ತಿದೆ. ‘ಹುಟ್ಟಿದ ಊರು?’ ಬಾದಾಮಿ. ಒಪ್ಪಿತು! ‘ಕಲಿತ ಮೊದಲ ಶಾಲೆ?’ ಅದನ್ನೂ ಒಪ್ಪಿತು. ಮೂರನೆಯದು: ‘ನೀವು ಸಾಕಿದ ಮೊದಲ ಪ್ರಾಣಿಯ ಹೆಸರು?’

ಇದೇನು ಮಹಾ! ನಮ್ಮ ಆಕಳು ಗೌರಿ. ತಪ್ಪು. ನಾಯಿ ಮೋತಿ. ತಪ್ಪು. ಸೋದರತ್ತೆ ತುಳಸೀಬಾಯಿಯ ಬೆಕ್ಕನ್ನೂ ಬಿಡಲಿಲ್ಲ. ಇನ್ನು ಉಳಿದದ್ದು ಮಂಗಗಳು. ಆದರೆ ಬಾದಾಮಿಯಲ್ಲಿ ಮಂಗಗಳನ್ನು ಯಾರೂ ಸಾಕುವುದಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ತಿಂದು ತಮ್ಮನ್ನು ತಾವೇ ಸಾಕಿಕೊಳ್ಳುತ್ತವೆ.

“ಸರೀರಿ ಆ ಕಡೆ” ಎಂದಳು ಶುಭದಾ, ಹಿಂದಿನಿಂದ.

“ನನ್ನ ಮನಿ ಪ್ರಾಣಿ ಹೆಸರು ನಿನಗ ಹ್ಯಾಂಗ ಗೊತ್ತಿರ್ತದ?”

“ಈ ಕಂಪ್ಯೂಟರ್ ತಂದ ದಿನಾ ನೀವು ಉಂಡು ಗೊರಕಿ ಹೊಡೀಲಿಕ್ಕೆ ಹತ್ತಿದ್ರಿ. ಈ ಉತ್ತರಾ ಎಲ್ಲಾ ತುಂಬಿದಾಕಿ ನಾ.”

ಸೆರಗು ಸಿಕ್ಕಿಸಿ ಕುಳಿತು, ಟಕಟಕ ಎಂದು ಏನನ್ನೋ ಟೈಪಿಸಿದಳು. ಬಾಗಿಲು ತೆರೆಯಿತು! ನಾನು ಬಗ್ಗಿ ನೋಡುವಷ್ಟರಲ್ಲಿ ಅರ್ಜಿಯೂ ತೆರೆದಿತ್ತು. ಅವಳು ಕತ್ತೆತ್ತದೆ ಕೆಲಸಕ್ಕೆ ತೊಡಗಿದಳು. ಕೇಳುವ ಧೈರ್ಯ ನನಗಿರಲಿಲ್ಲ.

ಸೋಮವಾರ ಸಂಜೆ ಹುನಗುಂದದ ಬಸ್ಸಿಳಿದು ನಗುನಗುತ್ತಾ ಬಂದಳು. ತಡೆಯಾಜ್ಞೆ ಸಿಕ್ಕಿತ್ತು, ಗೋಡೆ ಉಳಿದಿತ್ತು. ಬಿಸಿ ಚಹಾ ಮಾಡಿ ಕೈಗಿಟ್ಟು ಮೆಲ್ಲಗೆ ಕೇಳಿದೆ: “ನಿನ್ನ ತವರಮನ್ಯಾಗ ಒಂದು ಇಲಿನೂ ಸಾಕಿದ್ದಿಲ್ಲಲಾ, ನೀ ಹಾಕಿದ್ದು ಯಾವ ಪ್ರಾಣಿ ಹೆಸರು?”

“ತವರಮನ್ಯಾಗ ಎಲ್ಲಿ ಸಾಕಲಿ? ಮದವಿ ಆದಮ್ಯಾಲೆ ಸಾಕೀನಿ.”

“ಹೆಸರು?”

ನಮ್ಮ ಕಡೆ ಹೆಂಡಂದಿರು ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ. ಪ್ರಾಸ ಕಟ್ಟಿ, ಒಡಪು ಹಾಕಿ, ನಾಚಿಕೊಂಡು ಹೇಳುತ್ತಾರೆ. ಶುಭದಾ ಚಹಾ ಒಂದು ಗುಟುಕು ಕುಡಿದು, ಒಡಪೂ ಇಲ್ಲದೆ, ನಾಚಿಕೆಯೂ ಇಲ್ಲದೆ ಹೇಳಿದಳು:

“ಮಧುಸೂದನ.”