ನೀರು ಬಿಟ್ಟವರ ಮನೆಗೆ ಮೊದಲ ಸೇರು

ನಮ್ಮ ದೊಡ್ಡಪ್ಪನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ ಊರವರು. ಶುದ್ಧ ಸುಳ್ಳು! ಕೆಟ್ಟ ಸಾಮಾನನ್ನು ಸುಮ್ಮನೆ ಬಿಡುವ ಜನವೇ ಅಲ್ಲ ಅವರು. ತಲೆ ಕೆಟ್ಟಿದ್ದರೆ ಯಾವತ್ತೋ ಬಿಚ್ಚಿ ರಿಪೇರಿ ಮಾಡಿರುತ್ತಿದ್ದರು.

ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಆಳುಗಳ ಹಾಜರಿ ಕೂಗಿಯೇ ಮುದುಕರಾದವರು. ರಿಟೈರಾದ ಮೇಲೆ ಸುಮ್ಮನೆ ಕೂರಬಾರದೆ? ಶಿರಂಗಾಲದ ಕಡೆ ನಮ್ಮೂರ ಹಳ್ಳದ ದಂಡೆಯಲ್ಲಿ ಅವರಜ್ಜ ಕಟ್ಟಿದ್ದ ನೀರಿನ ಮಿಲ್ಲೊಂದು ಪಾಳುಬಿದ್ದಿತ್ತು. ಒಂದು ಕಾಲಕ್ಕೆ ನೀರು ಚಕ್ರ ತಿರುಗಿಸಿ, ಚಕ್ರ ಕಲ್ಲು ತಿರುಗಿಸಿ, ಊರಿಗೆಲ್ಲ ರಾಗಿ ಬೀಸುತ್ತಿತ್ತಂತೆ. ಕರೆಂಟ್ ಮಿಲ್ಲು ಬಂದ ಮೇಲೆ ಅದರೊಳಗೆ ಕೋಳಿಗಳು ಸೇರಿದ್ದವು. ದೊಡ್ಡಪ್ಪ ಕೋಳಿ ಓಡಿಸಿ ತಾವು ಸೇರಿಕೊಂಡರು.

ಚಕ್ರಕ್ಕೆ ಹಲಗೆ ಬೇಕಿತ್ತು. ಒಂದು ಸಂಜೆ ದೊಡ್ಡಮ್ಮ ನೋಡುತ್ತಾರೆ, ಹಲಸಿನ ಮರದ ಮಂಚವೇ ಇಲ್ಲ!

“ಮಂಚ ಎಲ್ಲಿ ರೀ?”

“ಡ್ಯೂಟಿಗೆ ಹೋಗೈತೆ ಕಣೇ.”

ಚಾಪೆಗೆ ಬಿದ್ದ ದೊಡ್ಡಮ್ಮ ನನ್ನ ಹತ್ತಿರ ಗೋಳಾಡಿದರು: “ನನ್ ಸೊಂಟ ತಿರುಗ್ತಿಲ್ಲ, ಇವ್ರಿಗೆ ಚಕ್ರ ತಿರುಗ್ಬೇಕಂತೆ!”

ದಿನಾ ಬೆಳಿಗ್ಗೆ ಹಲಗೆಗಳಿಗೆ ಹಾಜರಿ ಬೇರೆ. “ಒಂದನೇ ನಂಬರ್?” ಎಂದು ಕೂಗುವುದೂ ಅವರೇ, “ಹಾಜರ್!” ಎನ್ನುವುದೂ ಅವರೇ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ನಗುವ ಯೋಗ್ಯತೆ ನನಗಿತ್ತೆ?

ಮಿಲ್ಲಿಗೆ ನೀರು ಬರಬೇಕಾದದ್ದು ನಮ್ಮ ಮೇಲಿನ ಗದ್ದೆಯ ಕಾಲುವೆಯಿಂದ. ದೊಡ್ಡಪ್ಪ ಚಕ್ರ ಕೂರಿಸುವ ಹೊತ್ತಿಗೆ ನಾನು ಆ ಗದ್ದೆಯನ್ನು ಹೋಂಸ್ಟೇಯವನೊಬ್ಬನಿಗೆ ಮಾರಿಯಾಗಿತ್ತು. ಮಾರುವಾಗ ನೀರಿನ ಮಾತೇ ಎತ್ತಲಿಲ್ಲ ನಾನು. ಅವನು ಕಾಲುವೆಯನ್ನು ತನ್ನ ಈಜುಕೊಳಕ್ಕೆ ತಿರುಗಿಸಿಕೊಂಡ.

ಮಿಲ್ಲು ಶುರುವಾಗುವ ದಿನ ಎಲ್ಲರೂ ಬಂದಿದ್ದರು, ನೀರೊಂದು ಬಿಟ್ಟು! ಹೋಂಸ್ಟೇಯವ ಉಪಾಯ ಹೇಳಿದ: “ಮೋಟರ್ ಹಾಕ್ಸಿ ಸಾರ್. ಚಕ್ರ ತಿರುಗ್ತದೆ, ಗೆಸ್ಟ್‌ಗಳು ಫೋಟೋ ತೆಕ್ಕೊಳ್ತಾರೆ.”

“ಆ ಮೋಟರ್ ನಿಮ್ ತಲೆಗೆ ಹಾಕ್ಸಿ, ಅದಾದ್ರೂ ತಿರುಗ್ಲಿ,” ಎಂದರು ದೊಡ್ಡಪ್ಪ. ಎಲ್ಲರೂ ನಕ್ಕರು. ಅವರು ನನ್ನ ಕಡೆ ನೋಡಲೂ ಇಲ್ಲ. ನಾನು ಮೆಲ್ಲಗೆ ಮನೆಗೆ ಜಾರಿಕೊಂಡೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಹಿತ್ತಾಳೆಯ ಸೇರು, ಅದರ ತುಂಬ ರಾಗಿಹಿಟ್ಟು. ಅಂಗೈಯಲ್ಲೆಲ್ಲ ಬೊಬ್ಬೆ. ಕಲ್ಲಿಗೆ ಗೂಟ ಸಿಕ್ಕಿಸಿ ಕೈಯಿಂದಲೇ ತಿರುಗಿಸಿದ್ದರು!

“ಏನ್ ದೊಡ್ಡಪ್ಪ ಇದು?”

“ಮೊದಲ್ನೇ ಸೇರು ನೀರ್ ಬಿಟ್ಟೋರ ಮನೆಗೆ ಕಣೋ. ನಮ್ಮಜ್ಜನ ಕಾಲದ ಪದ್ಧತಿ, ತಪ್ಸಕಾಯ್ತದಾ?”

ನಾಲ್ಕು ಬೈಗುಳ ಬೈದಿದ್ದರೆ ನಾನು ಬಚಾವಾಗುತ್ತಿದ್ದೆ. ಅವರು ಸೇರನ್ನು ನನ್ನ ಕೈಗಿಟ್ಟು ಮೆಟ್ಟಿಲಿಳಿದರು. ಗೇಟಿನ ಹತ್ತಿರ ನಿಂತು, “ಸೇರು ವಾಪಸ್ ತಂದ್ಕೊಡು. ನೀರ್ ಬಂದಾಗ ಬೇಕಾಯ್ತದೆ,” ಎಂದರು.

ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಸೇರು ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದೆ. ಅದರಲ್ಲಿ ಏನು ತುಂಬಿಸಿ ಕೊಡಲಿ, ದೊಡ್ಡಪ್ಪ?