ಕಾರಣ: ಮರಣ

"ಮನಿ ಎರಡು ರಾಜ್ಯದಾಗ ಇರಬಹುದು, ವೋಟು ಮಾತ್ರ ಒಂದ ಕಡೆ ಇರಬೇಕು!"

ರಮೇಶ ಮೇಜು ಗುದ್ದಿ ಹೀಗೆ ಸಾರಿದಾಗ ಬಸಿಯಲ್ಲಿದ್ದ ಚಹಾ ಮತದಾರರ ಅರ್ಜಿಯ ಮೇಲೆ ಚೆಲ್ಲಿತು. ಎದುರಿಗೆ ಕೂತಿದ್ದವಳು ನೇತ್ರಾ, ಅಂಗನವಾಡಿ ಶಿಕ್ಷಕಿ. ಪಟ್ಟಿ ಪರಿಷ್ಕರಣೆಗೆಂದು ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಮನೆಮನೆ ಸುತ್ತುತ್ತಿದ್ದಳು. ಪಾಪ, ಸೆರಗಿನಿಂದ ಅರ್ಜಿ ಒರೆಸಿಕೊಂಡು ಹೂಂಗುಟ್ಟಿದಳು.

ಹೂಂಗುಟ್ಟದೆ ಏನು ಮಾಡಿಯಾಳು? ಚುನಾವಣಾ ಶಾಖೆಯೊಂದರಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದ ಮಹಾಶಯ ಅವನು! ತಿಕೋಟಾ, ಬಬಲೇಶ್ವರದ ಕಡೆ ಯಾವ ಓಣಿಯ ಯಾವ ಮುದುಕಿ ಎಷ್ಟನೆಯ ಕ್ರಮಸಂಖ್ಯೆಯಲ್ಲಿದ್ದಾಳೆ ಎಂಬುದು ಅವನಿಗೆ ಬಾಯಿಪಾಠ.

"ನಾ ಮಾಡಿದ ಪಟ್ಟಿಯೊಳಗ ಒಬ್ಬರ ಹೆಸರು ಎರಡು ಕಡೆ ತೋರಸ್ರಿ. ಮೀಸಿ ಬೋಳಸ್ತೀನಿ!"

"ಹಂಗಾದ್ರ ಕತ್ತರಿ ತರಲೇನು?" ಒಳಗಿನಿಂದ ಹೆಂಡತಿಯ ದನಿ ಬಂತು. "ಸೊಲ್ಲಾಪುರದ ಪಟ್ಟಿಯೊಳಗ ನನ್ನ ಹೆಸರು ಇನ್ನೂ ಅದ."

ರಮೇಶನ ಕೈ ತಾನಾಗಿ ಮೀಸೆಗೆ ಹೋಯಿತು.

ವಿಜಯಪುರದ ಪಟ್ಟಿಯಲ್ಲಿ ಅವಳು ವಿಜಯಲಕ್ಷ್ಮೀ. ಗಡಿಯಾಚೆಯ ಸೊಲ್ಲಾಪುರದಲ್ಲಿ ಹುಟ್ಟಿದಾಗ ಅಪ್ಪ ಇಟ್ಟ ಹೆಸರು ಮೃಣಾಲ. ಇವರ ಮನೆತನದ ಪದ್ಧತಿಯಂತೆ, ಮದುವೆಯ ದಿನ ರಮೇಶ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದಿದ್ದ. ಯಾವ ಹೆಸರು ಬರೆಯಲಿ ಎಂದು ತಾಯಿ ಸರಸ್ವತೀಬಾಯಿಯನ್ನು ಕೇಳಿದ್ದ, ಪುರೋಹಿತರನ್ನು ಕೇಳಿದ್ದ. ಮದುಮಗಳನ್ನು ಕೇಳಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಅದಾಗಿ ಮೂವತ್ತೊಂದು ವರ್ಷ.

ಅಪ್ಪ ತೀರಿಕೊಂಡ ಮೇಲೆ ಸೊಲ್ಲಾಪುರದ ಫ್ಲ್ಯಾಟು ಅವಳಿಗೇ ಬಂದಿತ್ತು. ತಿಂಗಳಿಗೆರಡು ದಿನ ಹೋಗಿ ಕಸ ಹೊಡೆದು, ಕಿಟಕಿ ತೆರೆದಿಟ್ಟು ಬರುತ್ತಿದ್ದಳು. ಅಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರೂ "ಮೃಣಾಲಕ್ಕ" ಅನ್ನುತ್ತಿದ್ದರು. ಕಸ ಹೊಡೆಯಲು ಇಷ್ಟು ಹುರುಪಿನಿಂದ ರೈಲು ಹತ್ತುವ ಹೆಂಗಸನ್ನು ತಾನು ಕಂಡೇ ಇಲ್ಲ ಎಂದು ರಮೇಶ ನಗುತ್ತಿದ್ದ. ಏಕೆಂದು ಮಾತ್ರ ಕೇಳಿರಲಿಲ್ಲ.

"ಮನಿ ಇದ್ರ ಸಾಲದ್ರಿ ಅಕ್ಕಾರ," ನೇತ್ರಾ ಮೆಲ್ಲಗೆ ಹೇಳಿದಳು. "ಎಲ್ಲಿ ವಾಸ ಇರ್ತೀರಿ ಅಲ್ಲೇ ಹೆಸರು. ಎರಡರಾಗ ಒಂದು ತಗಸಬೇಕಾಗತೈತಿ."

"ಗೊತ್ತದವಾ. ನಾ ವೋಟು ಹಾಕಿದ್ದೆಲ್ಲಾ ಇಲ್ಲೇ, ಅಲ್ಲಿ ಎಂದೂ ಹಾಕಿಲ್ಲ. ಬರೋ ತಿಂಗಳು ಹೋದಾಗ ನಾನ ತಗಸಿ ಬರ್ತೀನಿ." ಅವಳು ಗಂಡನ ಕಡೆ ತಿರುಗಿದಳು. "ನೀವು ಕೈ ಹಾಕಬ್ಯಾಡ್ರಿ. ಅದು ನನ್ನ ಹೆಸರು."

ಕೈ ಹಾಕದೆ ಇರಲು ರಮೇಶನೇನು ಸಾಮಾನ್ಯ ಮನುಷ್ಯನೇ? ಸ್ವಂತ ಮನೆಯಲ್ಲೇ ಎರಡೆರಡು ನೋಂದಣಿ! ಇಡೀ ಜಿಲ್ಲೆಗೆ ಗೊತ್ತಾದರೆ? ಮರುದಿನವೇ ಹೆಸರು ತೆಗೆಸುವ ಅರ್ಜಿ ತಂದು, ಕನ್ನಡಕ ಏರಿಸಿ, ರಾಜ್ಯಗಳ ಗಡಿ ಗುರುತಿಸುವವನ ಗಾಂಭೀರ್ಯದಿಂದ ತುಂಬತೊಡಗಿದ. ಕಾರಣದ ಕಲಮಿನ ಹತ್ತಿರ ಪೆನ್ನು ನಿಂತಿತು. 'ಸ್ಥಳಾಂತರ' ಎಂದರೆ ಯಾವಾಗ, ಎಲ್ಲಿಗೆ, ಎರಡೂ ಹೆಸರಿನವರು ಒಬ್ಬರೇ ಎಂಬುದಕ್ಕೆ ಪುರಾವೆ ಏನು? ನೂರೆಂಟು ತಕರಾರು! 'ಮರಣ' ಎಂದು ಗುರುತು ಹಾಕಿದರೆ ಒಂದೇ ಏಟಿಗೆ ಕೆಲಸ ಮುಗಿಯಿತು. ಹಾಗೆ ನೋಡಿದರೆ ಸುಳ್ಳೇನು? ಅಕ್ಕಿಯಲ್ಲಿ ತಾನು ಬರೆದ ದಿನವೇ ಮೃಣಾಲ ಮುಗಿದಳಲ್ಲ!

ಗುರುತು ಹಾಕಿದ. ತನ್ನದೇ ಸಹಿ ಮಾಡಿ ರಜಿಸ್ಟರ್ ಅಂಚೆಗೆ ಹಾಕಿ, ಬರುವಾಗ ಪಾವು ಕಿಲೋ ಜಿಲೇಬಿ ತಂದ. ಪಾಪ, ಅವಳೂ ಎರಡು ತಿಂದಳು.

ಹತ್ತನೆಯ ದಿನ ಬೆಳಿಗ್ಗೆ ಫೋನು ಬಂತು. ಎತ್ತಿದವಳು ಹೆಂಡತಿ. ಆ ಕಡೆ ಸೊಲ್ಲಾಪುರದ ಅವಳ ಚಿಕ್ಕಪ್ಪನ ಮಗ ಅನೂಪ, ಬಿಕ್ಕಿಬಿಕ್ಕಿ ಅಳುತ್ತಿದ್ದ.

"ಯಾವಾಗ ಆತು? ನಮಗೊಂದು ಮಾತು ಹೇಳಬಾರದಿತ್ತೇನು?"

"ಏನು ಯಾವಾಗ ಆತೋ?"

"ಚುನಾವಣಾ ಕಚೇರಿಯವರು ವಿಚಾರಣೆಗೆ ಬಂದಾರ. ಮೃಣಾಲಕ್ಕ ಹೋದಳಂತ... ನೀವ್ಯಾರು ಮಾತಾಡೋದು?"

"ನಾನೋ, ಮೃಣಾಲ."

ಆ ಕಡೆ ಒಂದು ಚೀರಾಟ ಕೇಳಿಸಿ ಫೋನು ಕಡಿದುಹೋಯಿತು.

ಮತ್ತೆ ಹಚ್ಚಿದರೆ ಎತ್ತುವವರಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಒಂದು ಕ್ರೂಸರ್ ಗಾಡಿ ನಿಂತಿತು. ಅನೂಪ, ಫ್ಲ್ಯಾಟಿನ ನಾಲ್ಕು ಮಂದಿ ಹೆಂಗಸರು, ಕಾವಲುಗಾರ, ಅವನ ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರ! ಬಾಗಿಲು ತೆರೆದವಳನ್ನು ಕಂಡು ಒಬ್ಬಳು ಹೌಹಾರಿ ಕಟ್ಟೆಯ ಮೇಲೆ ಕುಸಿದಳು. ಇನ್ನೊಬ್ಬಳು "ಮೃಣಾಲಕ್ಕ!" ಎಂದು ತಬ್ಬಿಕೊಂಡು ಹೋ ಎಂದು ಅತ್ತಳು. ಸತ್ತವಳು ಎಲ್ಲರಿಗೂ ಅವಲಕ್ಕಿ ಕಲಸಿ, ಚಹಾ ಮಾಡಿ ಕೊಟ್ಟಳು. ಹಾರವನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಅದು ಕುರ್ಚಿಯ ಮೇಲೆ, ರಮೇಶನ ಪಕ್ಕದಲ್ಲೇ ಕೂತಿತ್ತು.

ಅನೂಪ ಅರ್ಜಿಯ ಫೋಟೋ ತೋರಿಸಿದ. ಅವಳು ನೋಡಿದಳು. ಆ ಅಕ್ಷರ ಅವಳಿಗೆ ಹೊಸದಲ್ಲ.

ರಮೇಶ ಬೈಗುಳಕ್ಕೆ ತಯಾರಾಗಿ ಕೂತಿದ್ದ. ಬೈಗುಳ ಬರಲಿಲ್ಲ.

"ಅಕ್ಕಿಯೊಳಗ ಬರಿಯೋವಾಗ ಕೇಳಲಿಲ್ಲ," ಅಂದಳು. "ಇದನ್ನ ಬರಿಯೋವಾಗರೆ ಕೇಳಬೇಕಿತ್ತು. ತಿಂಗಳಿಗೆ ಎರಡು ದಿನ, ಯಾರರೆ ನನ್ನ ಹೆಸರಿಲೆ ಕರೀತಾರಂತ ಅಲ್ಲಿಗೆ ಹೋಗ್ತಿದ್ದೆ. ಕಸ ಹೊಡೀಲಿಕ್ಕೆ ಅಲ್ಲ."

ಮೂವತ್ತೆರಡು ವರ್ಷ ಸಾವಿರಾರು ಹೆಸರು ಬರೆದ, ಸಾವಿರಾರು ಹೆಸರು ಹೊಡೆದುಹಾಕಿದ ಮನುಷ್ಯನಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ.

ಮರುವಾರ ಇಬ್ಬರೂ ಸೊಲ್ಲಾಪುರದ ವಿಚಾರಣೆಗೆ ಹೋದರು. ಅಧಿಕಾರಿ ಗಂಡಹೆಂಡಿರನ್ನು ಮೇಲಿಂದ ಕೆಳಗೆ ನೋಡಿದ. ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು ಇದೆ, ಗೊತ್ತೇನು ಎಂದು ಕೇಳಿದ. ಗೊತ್ತಿರದೆ ಏನು? ಅದೇ ಕಲಮು ಹೇಳಿ ಹೇಳಿ ರಮೇಶ ಅರ್ಧ ಜಿಲ್ಲೆಯನ್ನು ಹೆದರಿಸಿದ್ದ!

"ಬಿಡ್ರಿ ಸಾಹೇಬ್ರ," ಹೆಂಡತಿ ಅಂದಳು, ಅದೂ ಸಾಕಷ್ಟು ತಡಮಾಡಿ. "ಜೈಲಿಗೆ ಹೋದ್ರ ಇವರಿಗೆ ಡಬ್ಬಿ ಒಯ್ಯೋಳೂ ನಾನ ಆಗ್ತೀನಿ. ಇವರ ಕೈಲೆ ಒಂದು ಕಾಗದ ಬರಸ್ರಿ, ಸಾಕು."

ರಮೇಶ ಬರೆದುಕೊಟ್ಟ: 'ಮೃಣಾಲ ಬದುಕಿದ್ದಾಳೆ. ನಾನು ಬರೆದದ್ದು ಸುಳ್ಳು.' ಆ ಸುಳ್ಳು ಅರ್ಜಿ, ಮದುವೆಯ ಲಗ್ನಪತ್ರಿಕೆ ಬಿಟ್ಟರೆ ಆ ಹೆಸರಿನ ಮುಂದೆ ಅವನ ಹೆಸರಿದ್ದ ಕಾಗದ ಇದೊಂದೇ. ಇದನ್ನೂ ಅವಳು ತಂದಿದ್ದ ಲಗ್ನಪತ್ರಿಕೆಯನ್ನೂ ಅಧಿಕಾರಿ ಪುರಾವೆಯೆಂದು ಫೈಲಿಗೆ ಸೇರಿಸಿದ.

"ಈಗ ಹೇಳ್ರಿ ಬಾಯಾರ, ಯಾವ ಊರಿನ ಹೆಸರು ಇಡೋಣು?"

ರಮೇಶ ಅವಳ ಮುಖ ನೋಡಿದ. ಸೊಲ್ಲಾಪುರ ಅಂದುಬಿಟ್ಟರೆ? ಅನ್ನುವುದಕ್ಕೆ ಅವಳಿಗೆ ಕಾರಣ ಬೇಕಾದಷ್ಟಿತ್ತು.

"ನಾ ಇರೋದು ವಿಜಯಪುರದಾಗ. ವೋಟು ಅಲ್ಲೇ ಇರಲಿ. ಇಲ್ಲೀದು ತೆಗೀರಿ, ಕಾರಣ ಸ್ಥಳಾಂತರ ಅಂತ ಬರೀರಿ. ಅಲ್ಲಿ ನನ್ನ ಹೆಸರು ತಿದ್ದಸ್ಕೋತೀನಿ."

ತಿದ್ದುಪಡಿಗೆ ಎರಡು ತಿಂಗಳು ಹಿಡಿಯಿತು. ಹೊಸ ಪಟ್ಟಿ ಹಿಡಿದು ಬಂದ ನೇತ್ರಾ ಜಗಲಿಯಲ್ಲಿ ಕೂತು ಬೆರಳಾಡಿಸಿದಳು. ಈ ಸಲ ರಮೇಶ ಚಹಾದ ಬಸಿಯನ್ನು ಮೇಜಿನಿಂದ ದೂರ ಇಟ್ಟಿದ್ದ.

"ಸರ್, ಒಂದು ಗೊಂದಲ ಆಗೈತಿ. ವಿಜಯಲಕ್ಷ್ಮೀ ಅಕ್ಕಾರ ಹೆಸರ ಇಲ್ಲ. ಅದ ಜಾಗಾದಾಗ ಮೃಣಾಲ ಅಂತ ಯಾರದೋ ಬಂದೈತಿ. ಇವರು ಯಾರ್ರಿ? ಹೊಸಬ್ರೇನು?"

ಒಳಗೆ ಪಾತ್ರೆಯ ಸದ್ದು ನಿಂತಿತು. ರಮೇಶ ಕನ್ನಡಕ ತೆಗೆದು ಒರೆಸಿಕೊಂಡ.

"ಇಲ್ಲವಾ, ಮೂವತ್ತೊಂದು ವರ್ಷದಿಂದ ಈ ಮನ್ಯಾಗ ಇದ್ದಾರ," ಅಂದ. "ನನಗ ಪರಿಚಯ ಮೊನ್ನೆ ಆತು."