ನೀಲಮ್ಮ ತಾರಸಿ ಹತ್ತಿದ್ದು

ಕೆಲಸವಿಲ್ಲದ ಕಂಟ್ರಾಕ್ಟರನಷ್ಟು ಮನೆ ಕಟ್ಟುವವನು ಈ ಲೋಕದಲ್ಲಿ ಇನ್ನೊಬ್ಬನಿಲ್ಲ. ನನ್ನನ್ನೇ ನೋಡಿ. ಒಂಟಿಕೊಪ್ಪಲಿನ ನಮ್ಮ ಮನೆಯ ಮುಂದೆ ಹೊಂಗೆಮರದ ನೆರಳಿಗೆ ಆರಾಮಕುರ್ಚಿ ಹಾಕಿಕೊಂಡು ಕೂತರೆ ಸಾಕು, ಹೊತ್ತು ನೆತ್ತಿಗೇರುವುದರೊಳಗೆ ಉಪ್ಪರಿಗೆಯ ಮನೆ, ಛತ್ರ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೊಳ, ಎಲ್ಲವನ್ನೂ ಕಟ್ಟಿ ಮುಗಿಸಿರುತ್ತೇನೆ. ಆಳುಗಳು ಕೈಕೊಡುವುದಿಲ್ಲ, ಎಂಜಿನಿಯರು ಬಂದು ತಪ್ಪು ಹುಡುಕುವುದಿಲ್ಲ. "ಊಟಕ್ಕೆ ಏಳ್ತೀರೋ ಇಲ್ವೋ?" ಎಂದು ನೀಲಮ್ಮ ಕೂಗಿದಾಗ ಮಾತ್ರ ಅಷ್ಟೂ ಒಂದೇ ಸಲಕ್ಕೆ ಕುಸಿದು ಬೀಳುತ್ತದೆ. (ನೀಲಮ್ಮ ನನ್ನ ಧರ್ಮಪತ್ನಿ. ಧರ್ಮವೆಲ್ಲ ಅವಳದು, ಕರ್ಮ ನನ್ನದು.)

ಹಾಗಂತ ನಾನು ಹುಟ್ಟು ಸೋಮಾರಿಯಲ್ಲ. ಗಾರೆ ಗುರುಮಲ್ಲಪ್ಪ ಎಂದರೆ ಒಂದು ಕಾಲಕ್ಕೆ ಮೈಸೂರಿನಲ್ಲಿ ಹೆಸರಿತ್ತು. ಸುಣ್ಣ, ಮರಳಿಗೆ ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸಿದ ಗಾರೆ ಹಾಕಿ, ಆಳುಗಳ ಕೈಲಿ ನಾನು ಬಡಿಸಿದ ತಾರಸಿಗಳು ಇವತ್ತಿಗೂ ಒಂದು ತೊಟ್ಟು ಮಳೆನೀರನ್ನು ಒಳಕ್ಕೆ ಬಿಟ್ಟಿಲ್ಲ. ಆದರೆ ಮಹಾರಾಜರ ಕಾಲ ಹೋಯಿತು, ಸಿಮೆಂಟಿನ ಕಾಲ ಬಂತು. ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗರು ಸೈಕಲ್ಲಿನಲ್ಲಿ ಬಂದು, ಟೇಪು ಹಿಡಿದು, ಕಂಟ್ರಾಕ್ಟು ಹೊಡೆದುಕೊಂಡು ಹೋಗುತ್ತಾರೆ. ನನ್ನನ್ನು ಕಂಡರೆ ಜನ ಕೈಮುಗಿಯುತ್ತಾರೆ. ಕೈಮುಗಿಸಿಕೊಳ್ಳುವ ವಯಸ್ಸಾದವನಿಗೆ ಯಾರೂ ಕೆಲಸ ಕೊಡುವುದಿಲ್ಲವೆಂಬುದು ನನಗೆ ತಡವಾಗಿ ತಿಳಿಯಿತು.

ಇದರ ಮೇಲೆ ನನ್ನ ಭಾವಮೈದ ಸಿದ್ದಮಲ್ಲಪ್ಪ. ನಂಜನಗೂಡಿನಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡು ಚೆನ್ನಾಗಿದ್ದಾನೆ. "ಭಾವ ಮನೇಲಿ ಸುಮ್ನೆ ಯಾಕೆ ಕೂರ್ಬೇಕು? ನಮ್ ಮಂಡಿಗೆ ಬಂದು ಕೂತ್ಕೊಳ್ಳಲಿ. ನೊಣ ಓಡಿಸೋಕೆ ಒಬ್ರು ಹಿರೀಕರು ಬೇಕು" ಎಂದು ಅಕ್ಕನಿಗೆ ಹೇಳಿಕಳಿಸಿದ್ದ. ಗೌರಿಹಬ್ಬದೊಳಗೆ ಕೆಲಸ ಸಿಗದಿದ್ದರೆ ನಂಜನಗೂಡಿಗೆ ಗಂಟುಮೂಟೆ ಕಟ್ಟುವುದೆಂದು ನೀಲಮ್ಮ ತೀರ್ಪು ಕೊಟ್ಟಳು. ಮನೆ ಕಟ್ಟಿದ ಕೈಯಲ್ಲಿ ನೊಣ ಓಡಿಸುವುದೇ! ಅವತ್ತು ನನಗೆ ಊಟ ಸೇರಲಿಲ್ಲ.

ಉಳಿದಿದ್ದ ಒಂದೇ ಆಸೆ ಎಂದರೆ ರಿಟೈರಾದ ಅಮಲ್ದಾರ್ ದೇವಯ್ಯನವರು. ಪಕ್ಕದ ಬೀದಿಯಲ್ಲಿ ಮನೆ ಕಟ್ಟಿಸಲು ಹೊರಟಿದ್ದರು. ಸಿಮೆಂಟಿಗೆ ಪರ್ಮಿಟ್ಟು ಸಿಗದೆ ಅಲೆದೂ ಅಲೆದೂ ಸಾಕಾಗಿ, ಗಾರೆ ತಾರಸಿಯೇ ಆಗಲಿ ಎಂದು ಮನಸ್ಸು ಮಾಡಿದ್ದರು. ಹೋಗಿ ಕೇಳಿದೆ.

"ಕೆಲ್ಸ ಬಲ್ಲೋರು ನೀವು, ಅದರಲ್ಲಿ ಎರಡು ಮಾತಿಲ್ಲ ಕಣ್ರೀ. ಆದ್ರೆ ಮನೆ ಮುಗಿಯೋವರ್ಗೂ ನೀವು..." ಎಂದು ನನ್ನ ನೆರೆತ ತಲೆಯಿಂದ ಚಪ್ಪಲಿಯವರೆಗೆ ನೋಡಿ ಮಿಕ್ಕ ಮಾತು ನುಂಗಿದರು. ಆಮೇಲೆ ಕೇಳಿದರು: "ಈಗ ಎಲ್ಲಿ ನಡೀತಾ ಇದೆ ನಿಮ್ ಕೆಲ್ಸ?"

"ಇಲ್ಲೇ ಒಂದು ತಾರಸಿ ನಡೀತಾ ಇದೆ. ಗುರುವಾರ ಬಂದು ನೋಡಿ" ಎಂದುಬಿಟ್ಟೆ.

ಆ ತಾರಸಿ ನನ್ನ ತಲೆಯೊಳಗೆ ಮಾತ್ರ ನಡೆಯುತ್ತಿತ್ತು. ಏನು ಮಾಡಲಿ? ನಮ್ಮ ಕಸುಬಿನ ರೀತಿಯೇ ಹಾಗೆ. ಯಾರ ಕೈತುಂಬ ಕೆಲಸವಿದೆಯೋ ಅವನ ಮುಂದೆಯೇ ಇನ್ನಷ್ಟು ಜನ ಬಂದು ನಿಲ್ಲುತ್ತಾರೆ. ಬಿಡುವಾಗಿರುವವನನ್ನು ಕಂಡರೆ ಇವನಲ್ಲೇನೋ ಐಬಿದೆ ಎನ್ನುತ್ತಾರೆ. ಮನೆಗೆ ಬರುತ್ತಿದ್ದಾಗ ದಾರಿಯಲ್ಲೇ ಆ ಮಹದಾಲೋಚನೆ ಹೊಳೆಯಿತು. ನಮ್ಮ ಮನೆಯ ತಾರಸಿಯನ್ನೇ ಬಡಿಸಿದರೆ ಹೇಗೆ?

"ಸೋರದೆ ಇರೋ ತಾರಸಿಗೆ ಯಾಕ್ರೀ ಗಾರೆ?" ಎಂದಳು ನೀಲಮ್ಮ.

"ಮುಂದೆ ಸೋರಬಹುದು."

"ನಿಮ್ ತಲೆ ಈಗ್ಲೇ ಸೋರ್ತಾ ಇದೆ. ಮೊದಲು ಅದಕ್ಕೆ ಹಾಕಿಸ್ಕೊಳ್ಳಿ!"

ಗುರುವಾರ ಬೆಳಿಗ್ಗೆ ಮನೆ ಮುಂದೆ ಮರಳು ಬಿತ್ತು, ಸುಣ್ಣ ಬಿತ್ತು. ನನ್ನ ಹಳೆಯ ಆಳು ಪುಟ್ಟಬಸಮ್ಮ ತನ್ನ ಹೆಂಗಸರ ದಂಡು ಕಟ್ಟಿಕೊಂಡು, ಬಡಿಯುವ ಕೊಡತಿಗಳನ್ನು ಹಿಡಿದು ತಾರಸಿ ಹತ್ತಿದಳು. ಬೆಲ್ಲವೊಂದು ತಂದಿರಲಿಲ್ಲ. ಗೌರಿಹಬ್ಬದ ಹೋಳಿಗೆಗೆಂದು ಭಾವಮೈದ ಕಳಿಸಿದ್ದ ಅಚ್ಚುಬೆಲ್ಲ ಅಟ್ಟದ ಮೇಲಿತ್ತು. ನೀಲಮ್ಮ ಪೂಜೆಗೆ ಕೂತ ಹೊತ್ತು ನೋಡಿ ಸದ್ದಿಲ್ಲದೆ ಇಳಿಸಿ, ಪೂರ್ತಿ ಹಂಡೆಯ ನೀರಿಗೆ ಸುರಿದುಬಿಟ್ಟೆ. ಭಾವಮೈದನಿಂದ ನನ್ನ ಕಸುಬಿಗೆ ಉಪಕಾರವಾಗಿದ್ದು ಅದೇ ಮೊದಲು.

ಆಮೇಲೆ ಹಳೆಯ ಕೋಟು ತೊಟ್ಟು, ರುಮಾಲು ಸುತ್ತಿ, ಹೊಂಗೆಯ ಕೆಳಗೆ ಕುರ್ಚಿ ಹಾಕಿಕೊಂಡು ಅಮಲ್ದಾರರನ್ನು ಕಾಯುತ್ತಾ ಕೂತೆ. ಅವರು ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ತಾರಸಿ ಹತ್ತಿ ಆಳುಗಳನ್ನು ಗದರುವುದೆಂದು ನಿಶ್ಚಯಿಸಿದ್ದೆ.

ತಾರಸಿ ಬಡಿಯುವ ಸದ್ದು ಕೇಳಿದ್ದೀರಾ? ಹೆಂಗಸರು ಸಾಲಾಗಿ ಕೂತು, ಪದ ಹೇಳಿಕೊಳ್ಳುತ್ತಾ, ಒಂದೇ ಸಮನೆ ಟಪ ಟಪ ಟಪ ಎಂದು ಬಡಿಯುತ್ತಾರೆ. ತೊಟ್ಟಿಲು ತೂಗಿದ ಹಾಗಿರುತ್ತದೆ. ಹಸಿ ಸುಣ್ಣದ ವಾಸನೆ, ಬೆಲ್ಲದ ವಾಸನೆ, ಮೇಲಿನಿಂದ ಒಂದೊಂದಾಗಿ ಉದುರುವ ಹೊಂಗೆ ಎಲೆ. ನನ್ನ ಕಣ್ಣೆದುರು ಬೀದಿ ಕರಗಿತು. ಬೆಟ್ಟದ ತಪ್ಪಲಿನಿಂದ ಕೆರೆಯಂಚಿನವರೆಗೂ ಬೆಳ್ಳಗೆ ಮನೆಗಳು, ಎಲ್ಲವೂ ನಾನು ಬಡಿಸಿದ ತಾರಸಿಗಳು, ಒಂದೊಂದರ ಮೇಲೂ ಬೆಳದಿಂಗಳು ಕೆನೆಕಟ್ಟಿತ್ತು. ಆ ತಾರಸಿಗಳ ಮೇಲೆ ನನ್ನ ಕಾಲದ ಮೇಸ್ತ್ರಿಗಳೆಲ್ಲ ಓಡಾಡುತ್ತಾ "ಬನ್ನಿ ಗುರುಮಲ್ಲಪ್ಪನೋರೆ, ನಿಮಗೇ ಕಾಯ್ತಾ ಇದೀವಿ" ಎಂದು ಕರೆಯುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಯಾರೋ ನನಗಾಗಿ ಕಾದಿದ್ದರು. ಸುಖವೆಂದರೆ ಅದು.

"ಏ ಪುಟ್ಟಬಸಮ್ಮ! ಅದು ನಮ್ ತಮ್ಮ ಕಳ್ಸಿದ ಬೆಲ್ಲ ಕಣೇ!"

ಕಣ್ಣುಬಿಟ್ಟೆ. ರುಮಾಲು ಮೂಗಿನವರೆಗೆ ಜಾರಿತ್ತು, ಮೈಯೆಲ್ಲ ಸುಣ್ಣದ ಧೂಳು. ತಾರಸಿಯ ಮೇಲೆ ನೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

"ಒಂದು ತೊಟ್ಟು ಚೆಲ್ಲಿದ್ರೂ ಸುಮ್ನಿರಲ್ಲ ನಾನು. ಬಾಯಿಗೆ ಯಾಕೆ ಹೋಯ್ತೇ ಕೈ?"

"ರುಚಿ ನೋಡ್ದೆ ಕಣ್ರವ್ವಾ."

"ರುಚಿ ತಾರಸಿ ನೋಡ್ಲಿ, ನೀನು ಬಡಿ! ಆ ಮೂಲೆ ಯಾರು ಬಡೀತಾರೆ, ನಿಮ್ಮಜ್ಜಿ ಬರ್ಬೇಕಾ?"

ಗೇಟಿನ ಬಳಿ ಅಮಲ್ದಾರ್ ದೇವಯ್ಯನವರು ಕೊಡೆ ಹಿಡಿದು, ಕತ್ತೆತ್ತಿ, ಬಾಯಿ ಬಿಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಯಾವಾಗ ಬಂದಿದ್ದರೋ ಏನೋ. ನಾಚಿಕೆಯಿಂದ ನಾನು ಅಲುಗಾಡದೆ ಕೂತೆ.

"ಕೆಲ್ಸ ಅಂದ್ರೆ ಇದು ತಾಯಿ!" ಎಂದು ಅವರು ಕೂಗಿದರು. "ನಾನು ಕಂಡ ಕಡೆಯೆಲ್ಲ ಅರ್ಧ ಬೆಲ್ಲ ಆಳುಗಳ ಹೊಟ್ಟೆಗೆ, ಇನ್ನರ್ಧ ಕಂಟ್ರಾಕ್ಟರ ಮನೆಗೆ. ಮನೆ ಬೆಲ್ಲ ತಂದು ಕೆಲ್ಸಕ್ಕೆ ಹಾಕೋರನ್ನ ಇವತ್ತೇ ನೋಡಿದ್ದು. ಮುಂದ್ಗಡೆ ದೃಷ್ಟಿಬೊಂಬೆ ಕೂರಿಸಿದ್ದೀರಲ್ಲ, ಅದಂತೂ ಜೀವಂತ ಇದ್ದಂಗೇ ಇದೆ."

"ಅದು ನಮ್ಮನೆಯೋರು" ಎಂದಳು ನೀಲಮ್ಮ.

"ಓ" ಎಂದರು ಅಮಲ್ದಾರರು. ಅವರಿಗೆ ಅಷ್ಟೇನೂ ಆಶ್ಚರ್ಯವಾದಂತೆ ಕಾಣಲಿಲ್ಲ.

ಕಾಫಿಯಾಯಿತು. ಕೆಲಸ ಒಪ್ಪಿಸುವಾಗ ವೀಳ್ಯ ಕೊಡುವುದು ನಮ್ಮಲ್ಲಿ ವಾಡಿಕೆ. ದೇವಯ್ಯನವರು ತಟ್ಟೆಯಿಂದ ಎಲೆಅಡಿಕೆ ತೆಗೆದರು. ನಾನು ಕೋಟಿನ ಧೂಳು ಕೊಡವಿ, ಎದ್ದು ನಿಂತು ಎರಡೂ ಕೈ ಚಾಚಿದೆ. ವೀಳ್ಯ ನನ್ನ ಕೈಗಳನ್ನು ದಾಟಿಕೊಂಡು ಹೋಗಿ ನೀಲಮ್ಮನ ಕೈ ಸೇರಿತು.

"ನೀವು ನಿಂತು ಮಾಡಿಸೋದಾದ್ರೆ ಕೆಲ್ಸ ನಿಮಗೇ ತಾಯಿ" ಎಂದರು.

ನೀಲಮ್ಮ ನನ್ನ ಚಾಚಿದ ಕೈಗಳನ್ನೊಮ್ಮೆ ನೋಡಿದಳು. ಆಮೇಲೆ "ಇವ್ರೂ ಬರ್ತಾರೆ. ಗಾರೆ ಹದ ಬಲ್ಲೋರು ಇವ್ರು, ಆಳುಗಳನ್ನ ಎಬ್ಬಿಸೋದು ನಾನು. ಇಬ್ರೂ ಆಗೋದಾದ್ರೆ ಈ ವೀಳ್ಯ, ಇಲ್ದಿದ್ರೆ ಬೇಡ" ಎಂದಳು. ಅಷ್ಟು ಬೆಲ್ಲ ಕಳೆದುಕೊಂಡ ಮೇಲೂ ನನ್ನನ್ನು ಬಿಟ್ಟುಕೊಡಲಿಲ್ಲ. ನಂಜನಗೂಡೂ ತಪ್ಪಿತು, ನೊಣವೂ ತಪ್ಪಿತು.

"ಧಾರಾಳವಾಗಿ ಬರ್ಲಿ. ಗೇಟಿನ ಹತ್ರ ಕೂರ್ಲಿ, ದೃಷ್ಟಿಗೂ ಆಯ್ತು" ಎಂದರು ಅಮಲ್ದಾರರು.

ಈಗ ಕೆಲಸ ಭರದಿಂದ ಸಾಗಿದೆ. ಬೆಳಿಗ್ಗೆ ಗಾರೆಯ ಹದ ನೋಡಿ "ಆಯ್ತು" ಎನ್ನುತ್ತೇನೆ. ಮಿಕ್ಕ ಹೊತ್ತು ಅಲ್ಲೇ ನೆರಳಿನಲ್ಲಿ ಕೂತು ನನ್ನ ಬೆಳ್ಳನೆಯ ಊರಿಗೆ ಒಂದೊಂದೇ ಬೀದಿ ಸೇರಿಸುತ್ತೇನೆ. ಆ ಕಡೆ ಬಂದರೆ ದಯವಿಟ್ಟು ಮಾತಾಡಿಸಿ. ಸ್ವಲ್ಪ ಮೆಲ್ಲಗೆ ಮಾತ್ರ. ಕಂಟ್ರಾಕ್ಟರು ಮೇಲೆ ತಾರಸಿಯಲ್ಲಿದ್ದಾರೆ.